ಬಳೆ ತೊಡಿಸುವ ತನಕ

ಈ ಏಪ್ರಿಲ್‌ನಲ್ಲಿ ಮತ್ತೆ ಆ ದಾರಿಯಲ್ಲಿ ಹೋದೆವು. ತುರಾಂಗಿ ಊರು ದಾಟಿ, ಕಾಡಿನ ತಿರುವುಗಳನ್ನು ಏರಿ ಮೇಲೆ ಬಂದರೆ ಮರಗಳು ಇದ್ದಕ್ಕಿದ್ದಂತೆ ಮುಗಿದುಹೋಗುತ್ತವೆ. ಅಲ್ಲಿಂದಾಚೆ ಕಂದು ಹುಲ್ಲಿನ ಗುಪ್ಪೆಗಳು, ಜಲ್ಲಿ, ಬೂದಿ ಬಣ್ಣದ ಮರಳು, ವಿದ್ಯುತ್ ಕಂಬಗಳು, ಬಲಗಡೆಗೆ ಅಗ್ನಿಪರ್ವತಗಳು. ಇಲ್ಲಿಯವರು ಅದನ್ನು ಡೆಸರ್ಟ್ ರೋಡ್ ಎನ್ನುತ್ತಾರೆ. ಮಳೆ ಬೀಳದ ಮರುಭೂಮಿಯೇನಲ್ಲ. ಎಷ್ಟು ಬಿದ್ದರೂ ಮರವೊಂದು ಏಳದ ನೆಲ, ಅಷ್ಟೆ. ನಾನು ಕಿಟಕಿಯನ್ನು ಸ್ವಲ್ಪ ಇಳಿಸಿದೆ. ಒಣಹುಲ್ಲು ಮತ್ತು ತಣ್ಣನೆಯ ಕಲ್ಲಿನ ವಾಸನೆ ಒಳಗೆ ಬಂತು. ರಘು ತನ್ನ ಕಡೆಯ ಗುಂಡಿ ಒತ್ತಿ ಅದನ್ನು ಮುಚ್ಚಿದ.

ಸ್ವಲ್ಪ ಮುಂದೆ ಬೆಟ್ಟದ ಕಡೆಗೆ ನಡೆದು ಹೋಗುವವರು ಕಾರು ನಿಲ್ಲಿಸುವ ಒಂದು ಜಾಗವಿದೆ. ರಘು ಅಲ್ಲಿ ನಿಲ್ಲಿಸುವುದಿಲ್ಲ. ನಾನೂ ನಿಲ್ಲಿಸು ಎನ್ನುವುದಿಲ್ಲ. ಎಷ್ಟು ಅವಸರವಾಗಿದ್ದರೂ ರಸ್ತೆಯ ಆ ತುದಿಯ ವೈಯೂರು ಎಂಬ ಊರು ಬರುವ ತನಕ ತಡೆದುಕೊಂಡು ಕೂರುತ್ತೇವೆ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಗಂಡಹೆಂಡಿರ ನಡುವೆ ಮಾತಾಡದ ವಿಷಯಗಳು ಒಂದೆರಡು ಇದ್ದೇ ಇರುತ್ತವೆ. ನಮಗೆ ಇರುವುದು ಒಂದು ಜಾಗ.

ನಾವು ಅಲ್ಲಿ ನಿಲ್ಲಿಸಿದ್ದು ಒಂದೇ ಸಲ. ಅದು ಊರಿನ ನೆಂಟರೆಲ್ಲ ಆಗಷ್ಟೇ ವಾಟ್ಸಾಪಿಗೆ ಬಂದು, ಬೆಳಗಾದರೆ ಗುಲಾಬಿ ಹೂವಿನ ಚಿತ್ರ ಕಳಿಸಲು ಶುರು ಮಾಡಿದ್ದ ಕಾಲ. ನಾವು ಮನುಕಾವ್‌ನಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ರಘು ಪೆನ್‌ರೋಸ್‌ನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಯಂತ್ರಗಳ ಎಂಜಿನಿಯರು. ನಾನು ನರ್ಸು, ಒಂದು ರೆಸ್ಟ್ ಹೋಮಿನಲ್ಲಿ, ಅಂದರೆ ವಯಸ್ಸಾದವರು ಕೊನೆಗಾಲ ಕಳೆಯುವ ಮನೆಯಲ್ಲಿ ಕೆಲಸ. ಅವನದು ಮೈಸೂರು, ನನ್ನದು ಧಾರವಾಡ. ನಮಗೆ ಆಗಿನ್ನೂ ಮಕ್ಕಳಿರಲಿಲ್ಲ. ರಘುವಿನ ತಂಗಿ ಸುಮಾ ಈ ದೇಶದ ರಾಜಧಾನಿ ವೆಲಿಂಗ್ಟನ್ನಿನಲ್ಲಿದ್ದಳು. ಎರಡು ಸಲ ಬಸಿರು ನಿಲ್ಲದೆ ಹೋಗಿ, ಮೂರನೆಯದು ಏಳನೆಯ ತಿಂಗಳಿಗೆ ಬಂದಿತ್ತು. ಬಾಣಂತನಕ್ಕೆಂದು ಮೈಸೂರಿನಿಂದ ಅತ್ತೆ ಬಂದಿದ್ದರು. ಮಾವ ದೊಡ್ಡ ಮಗ ಶ್ರೀನಾಥ ಭಾವನ ಮನೆಯಲ್ಲಿ ಆರಾಮಾಗಿಯೇ ಇದ್ದರು. ನಾನು ಫೋನು ಎತ್ತಿದರೆ ಸಾಕು, ನನ್ನ ಮಾತನ್ನು ಅಣಕಿಸುತ್ತ, "ಏನವ್ವಾ, ಚಲೋ ಇದ್ದೀಯೇನವ್ವಾ?" ಎಂದು ಕೇಳುತ್ತಿದ್ದರು. ಧಾರವಾಡದಲ್ಲಿ ಸೊಸೆಯನ್ನು ಯಾರೂ ಹಾಗೆ ಮಾತಾಡಿಸುವುದಿಲ್ಲವೆಂದು ಅವರಿಗೆ ಎಷ್ಟು ಹೇಳಿದರೂ ಬಿಡುತ್ತಿರಲಿಲ್ಲ.

ಅತ್ತೆ ಸೂಟ್‌ಕೇಸಿನಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ತಂದದ್ದು ಹಸಿರು ಗಾಜಿನ ಬಳೆ. ಒಂದೊಂದು ಡಜನನ್ನೂ ಹಳೆಯ ಹತ್ತಿ ಸೀರೆಯ ಮಡಿಕೆಯಲ್ಲಿ ಸುತ್ತಿಟ್ಟಿದ್ದರು. ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಎಲ್ಲವನ್ನೂ ಬಿಚ್ಚಿ ನೋಡಿ, ಅಕ್ಕಿಯನ್ನೂ ಕೊಬ್ಬರಿಯನ್ನೂ ತೆಗೆದಿಟ್ಟುಕೊಂಡು ಬಳೆಗಳನ್ನು ವಾಪಸು ಕೊಟ್ಟಳಂತೆ. ಮನೆಗೆ ಬಂದ ಮೇಲೆ ನೋಡಿದರೆ ಒಂದೂ ಒಡೆದಿರಲಿಲ್ಲ.

"ಸೈಜು ಹೆಂಗ್ ಗೊತ್ತಾತ್ರಿ ಅತ್ತಿ?" ಎಂದು ಕೇಳಿದ್ದೆ.

"ಅಂಗಡೀಲಿ ನನ್ನ ಕೈಗೇ ಹಾಕಿ ನೋಡ್ದೆ. ಸುಮನ ಕೈ ಸಣ್ಣದು, ಆದ್ರೆ ಈಗ ಊದಿರತ್ತಲ್ಲ. ಊದಿದ್ರೆ ನನ್ನಷ್ಟೇ ಆಗತ್ತೆ."

ಈಸ್ಟರ್ ಆದ ಮೇಲಿನ ವಾರ ವೆಲಿಂಗ್ಟನ್ನಿನಲ್ಲಿ ಬಳೆ ಶಾಸ್ತ್ರ ಎಂದು ನಿಶ್ಚಯವಾಯಿತು. ತಾಯಿಯಾದವಳು ಬಸುರಿ ಮಗಳಿಗೆ ತವರಿನ ಬಳೆ ತೊಡಿಸಿ ಮಡಿಲು ತುಂಬುವ ದಿನ. ಹೋಗುವುದು ಹೇಗೂ ಹೋಗುತ್ತೇವೆ, ಕಾರಿನಲ್ಲೇ ಹೋಗೋಣ, ಅಮ್ಮನಿಗೆ ತೌಪೋ ಸರೋವರ, ಬೆಟ್ಟ, ಮರುಭೂಮಿ ಎಲ್ಲ ತೋರಿಸಿ, ಸ್ವಲ್ಪ ನಡೆಸಿ, ಪಾಮರ್‌ಸ್ಟನ್ ನಾರ್ತ್‌ನಲ್ಲಿ ನಾಗು ಆಂಟಿಯ ಮನೆಯಲ್ಲಿ ಒಂದು ದಿನ ಇದ್ದು ಹೋಗೋಣ ಎಂದು ರಘು ತಿಂಗಳ ಮುಂಚೆಯೇ ನಕ್ಷೆ ಹರಡಿಕೊಂಡು ಕೂತಿದ್ದ. ನಾಗು ಆಂಟಿ ಅತ್ತೆಯ ಚಿಕ್ಕಪ್ಪನ ಮಗಳು. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರು.

ನಾವು ಹೊರಡುವ ವಾರ ಮಾವನಿಗೆ ಜ್ವರ ಬಂತು. ಜ್ವರ ಎದೆಗಿಳಿದು ಆಸ್ಪತ್ರೆಗೆ ಸೇರಿಸಿದರು. ಶ್ರೀನಾಥ ಭಾವ ಫೋನಿನಲ್ಲಿ ಹೇಳಿದ ಆಮ್ಲಜನಕದ, ರಕ್ತದೊತ್ತಡದ ಅಂಕಿಗಳನ್ನು ಕೇಳಿದಾಗಲೇ ಇದು ಒಳ್ಳೆಯದಲ್ಲ ಎನಿಸಿತ್ತು. ಇದೇ ಕೆಲಸ ಮಾಡುವವಳಿಗೆ ಕೆಲವು ಅಂಕಿಗಳು ಕೇಳಿದ ಕೂಡಲೇ ತಿಳಿಯುತ್ತವೆ. ರಘು, "ಎಲ್ಲ ಬಿಟ್ಟು ಅಮ್ಮನ್ನ ಕಳಿಸೋಣ್ವಾ?" ಎಂದ. ಅತ್ತೆಯೇ ಆಸ್ಪತ್ರೆಯಲ್ಲಿದ್ದ ಮಾವನನ್ನು ಮಾತಾಡಿಸಿದರು. ಮಾವ ಉಸಿರು ಹಿಡಿದು ಹಿಡಿದು, "ಮಗಳಿಗೆ ಬಳೆ ತೊಡ್ಸಿ ಬಾ. ನಾನೆಲ್ಲೂ ಹೋಗಲ್ಲ" ಎಂದರು. ಶಾಸ್ತ್ರದ ಮರುದಿನವೇ ವೆಲಿಂಗ್ಟನ್ನಿನಿಂದ ಅತ್ತೆಗೆ ವಿಮಾನದ ಟಿಕೆಟ್ಟು ಮಾಡಿಸಿ ನಾವು ಹೊರಟೆವು.

ತೌಪೋದಲ್ಲಿ ಪಾಪ್ಲರ್ ಮರಗಳು ಹಳದಿಯಾಗಿದ್ದವು. ಗಾಳಿ ಬಂದರೆ ಎಲೆಗಳು ಮೋಟೆಲಿನ ಬಾಗಿಲ ತನಕ ಹಾರಿಬರುತ್ತಿದ್ದವು. ಬೆಳಿಗ್ಗೆ ಭಾವನಿಗೆ ಫೋನು ಮಾಡಿದಾಗ, "ಹಾಗೇ ಇದಾರೆ, ಸ್ಟೇಬಲ್ಲು" ಎಂದರು. ರಘುವಿಗೆ ಸಮಾಧಾನವಾಯಿತು. ಅವನು ಕಾರಿಗೆ ಸಾಮಾನು ತುಂಬಲು ಹೋದಾಗ ಅತ್ತೆ ನನ್ನನ್ನು ಮಂಚದ ಮೇಲೆ ಕೂರಿಸಿದರು.

"ಗಿರಿಜಾ, ಇನ್ಮೇಲೆ ಫೋನು ಬಂದ್ರೆ ನಿಂಗೇ ಬರತ್ತೆ. ನೀನು ನರ್ಸು, ತಡ್ಕೋತೀಯ ಅಂತ ಶ್ರೀನಾಥ ನಿಂಗೇ ಮಾಡ್ತಾನೆ. ಬಂದ್ರೆ ನಂಗೆ ಹೇಳ್ಬೇಡ. ರಘುಗೂ ಹೇಳ್ಬೇಡ, ಅವನ ಮುಖದಲ್ಲಿ ಏನೂ ನಿಲ್ಲಲ್ಲ. ಬಳೆ ತೊಡ್ಸೋ ತನಕ ಅಷ್ಟೆ."

"ಇದೆಂಥಾ ಮಾತ್ರಿ ಅತ್ತಿ? ಮಾವಾರು ಆರಾಮ ಆಗ್ತಾರ."

"ಆಗ್ಲಿ. ಆದ್ರೆ ಒಳ್ಳೇದೇ. ಆಗದಿದ್ರೆ ಅಂತ ಹೇಳ್ತಿದೀನಿ. ಕಿವಿಗೆ ಬಿದ್ದಾಗಿಂದ ತಾನೆ ಸೂತಕದ ಲೆಕ್ಕ. ಬೀಳೋ ತನಕ ನಾನು ಮುತ್ತೈದೆನೇ."

ನನಗೆ ಮೈ ಉರಿಯಿತು. ನಮ್ಮ ರೆಸ್ಟ್ ಹೋಮಿನಲ್ಲಿ ಗಂಡ ಸತ್ತು ಮೂವತ್ತು ವರ್ಷವಾದ ಅಜ್ಜಿಯರು ಬೆಳಿಗ್ಗೆ ಎದ್ದು ತುಟಿಗೆ ಕೆಂಪು ಹಚ್ಚಿಕೊಂಡು ಇಸ್ಪೀಟು ಆಡಲು ಬರುತ್ತಾರೆ. ಇಲ್ಲಿ ನೋಡಿದರೆ ಇವರು ಗಂಡ ಉಸಿರಾಡುತ್ತಿರುವಾಗಲೇ ಸೂತಕದ ಲೆಕ್ಕ ಹಾಕುತ್ತಿದ್ದಾರೆ. "ಏನರ ಆದ್ರೂ ನೀವಽ ತೊಡಸ್ರಿ. ಈ ಕಾಲದಾಗ ಯಾರ್ ತಡೀತಾರ ನಿಮಗ?" ಎಂದೆ, ಸ್ವಲ್ಪ ಜೋರಾಗಿಯೇ.

"ಯಾರೂ ತಡೆಯಲ್ಲ. ನಾನೇ ತಡ್ಕೋತೀನಿ. ಗೊತ್ತಾದ್ಮೇಲೆ ನನ್ನ ಕೈ ಮುಂದಕ್ಕೆ ಹೋಗಲ್ಲ ಕಣೆ." ಅತ್ತೆ ಬಳೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. "ನನಗೆ ಬಳೆ ತೊಡ್ಸಿದ ದಿನ ನಮ್ಮಮ್ಮ ಅಡಿಗೆಮನೇಲಿದ್ಲು. ನಮ್ಮಪ್ಪ ಹೋಗಿ ಆಗ್ಲೇ ಸುಮಾರು ವರ್ಷ ಆಗಿತ್ತು. ಯಾರೋ ಸೋದರತ್ತೆ ತೊಡ್ಸಿದ್ರು. ಬಾಗಿಲ ಸಂದೀಲಿ ಅಮ್ಮನ ಒಂದು ಕಣ್ಣು ಕಾಣ್ತಿತ್ತು. ಅಷ್ಟೇ ನಂಗೆ ಜ್ಞಾಪಕ ಇರೋದು. ಸುಮಂಗೆ ಹಂಗಾಗೋದು ಬೇಡ. ಎರಡು ಕಳ್ಕೊಂಡಿದಾಳೆ ಮಗು."

ನಾನು ಆಯಿತು ಎಂದೆ. ಆಯಿತು ಎನ್ನುವಾಗ ಅದು ಮುಂದೆ ಯಾವಾಗಲೋ ಬರುವ ವಿಷಯ ಎಂದುಕೊಂಡಿದ್ದೆ. ಕಾರು ಹತ್ತುವಾಗ ಅತ್ತೆ, "ಗಾಡಿ ಓಡಿಸ್ವಾಗ ಫೋನು ಬೇಡ, ಕೊಡಿಲ್ಲಿ" ಎಂದು ರಘುವಿನ ಫೋನನ್ನು ಇಸಿದುಕೊಂಡು, ಆರಿಸಿ, ತಮ್ಮ ಬಟ್ಟೆಯ ಚೀಲಕ್ಕೆ ಹಾಕಿದರು. ಅವನು ನಗುತ್ತಲೇ ಕೊಟ್ಟ.

ತುರಾಂಗಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದೆವು. ಅತ್ತೆ ಕಾರಿನಲ್ಲೇ ಇದ್ದರು. ರಘು ದುಡ್ಡು ಕೊಟ್ಟು ಬರಲು ಒಳಗೆ ಹೋಗಿದ್ದ. ನಾನು ಕಾಲು ಸಡಿಲಿಸೋಣವೆಂದು ಆಚೆ ತುದಿಗೆ ನಡೆದಿದ್ದೆ. ಫೋನು ಅಲ್ಲಿ ಬಂತು.

"ಗಿರಿಜಾ, ಹತ್ರ ಯಾರಾದ್ರೂ ಇದಾರಾ?" ಶ್ರೀನಾಥ ಭಾವನ ದನಿ. "ಅಪ್ಪಂಗೆ ಸ್ವಲ್ಪ ಸೀರಿಯಸ್ಸು."

ನಮ್ಮ ಕಡೆ ಸತ್ತವರ ಸುದ್ದಿ ಯಾವಾಗಲೂ ಹಾಗೆಯೇ ಬರುವುದು. ಸತ್ತವರು ಮೊದಲು ಸೀರಿಯಸ್ಸಾಗುತ್ತಾರೆ, ನಾವು ಬಸ್ಸು ಹತ್ತಿ ಅರ್ಧ ದಾರಿ ಬಂದ ಮೇಲೆ ಸಾಯುತ್ತಾರೆ. ರೆಸ್ಟ್ ಹೋಮಿನಲ್ಲಿ ನನಗೆ ಮೊದಲ ವಾರವೇ ಕಲಿಸಿದ್ದು ಇದಕ್ಕೆ ನೇರ ವಿರುದ್ಧ. ಮನೆಯವರಿಗೆ ಫೋನು ಮಾಡಿದರೆ ಮೊದಲ ವಾಕ್ಯದಲ್ಲೇ ಸತ್ತರು ಎಂಬ ಮಾತು ಬರಬೇಕು. ಹೋದರು, ಬಿಟ್ಟುಹೋದರು, ಇನ್ನಿಲ್ಲ ಎನ್ನಬಾರದು. ಗಾಬರಿಯಲ್ಲಿರುವವರು ಎಲ್ಲಿಗೆ ಹೋದರು ಎಂದು ಕೇಳಿಬಿಡುತ್ತಾರೆ. ಎಷ್ಟೋ ಮಕ್ಕಳಿಗೆ ನಾನೇ ಹಾಗೆ ಹೇಳಿದ್ದೇನೆ.

"ಭಾವ, ಸರಿಯಾಗಿ ಹೇಳ್ರಿ. ಮಾವಾರು ತೀರಿಕೊಂಡ್ರೇನ್ರಿ?"

"ಹ್ಞೂಂ" ಎಂದರು ಭಾವ. ಅಲ್ಲಿ ಇನ್ನೂ ಬೆಳಗಿನ ಜಾವ, ಸ್ವಲ್ಪ ಹೊತ್ತಿನ ಮುಂಚೆ ಆಯಿತೆಂದರು. "ಯಾರಿಗೂ ಕಾಯ್ಬೇಡಿ ಅಂತ ಅಪ್ಪನೇ ಹೇಳಿದ್ರು. ಇವತ್ತೇ ಮುಗಿಸ್ತೀವಿ. ಅಮ್ಮಂಗೆ..." ಎಂದು ಅಲ್ಲಿಗೇ ನಿಲ್ಲಿಸಿದರು. ಅಮ್ಮನಿಗೆ ನಾನು ಹೇಳಿಕೊಳ್ಳುತ್ತೇನೆ, ನೀವು ಮುಂದಿನದು ನೋಡಿ ಎಂದೆ.

ತಿರುಗಿ ನೋಡಿದರೆ ಅತ್ತೆ ಕಾರಿನೊಳಗಿನಿಂದ ನನ್ನ ಕಡೆಗೇ ನೋಡುತ್ತಿದ್ದರು. ನಾನು ನೋಡಿದ ತಕ್ಷಣ ಮುಖವನ್ನು ಆ ಕಡೆ ಹೊರಳಿಸಿಕೊಂಡರು. ರಘು ಕೈಯಲ್ಲಿ ತಿನ್ನಲು ಮೂರು ಬಿಸಿ ಪೈ ಹಿಡಿದುಕೊಂಡು ಬಂದ, "ತರಕಾರೀದು ಅಮ್ಮ, ಕೇಳ್ಕೊಂಡೇ ತಂದೆ" ಎನ್ನುತ್ತ. ನಾನು ಕಾರು ಹತ್ತಿ ಬೆಲ್ಟು ಹಾಕಿಕೊಂಡೆ. ಅತ್ತೆ ನನ್ನನ್ನು ಏನೂ ಕೇಳಲಿಲ್ಲ.

ಆಮೇಲೆ ಮರಗಳು ಮುಗಿದವು. ಎಡಗಡೆ ಸೈನ್ಯದವರ ಜಾಗ, ಸಿಡಿಯದ ಗುಂಡುಗಳಿವೆ, ರಸ್ತೆ ಬಿಟ್ಟು ಇಳಿಯಬೇಡಿ ಎಂಬ ಬೋರ್ಡುಗಳು. ರಘು ಅವನ್ನು ಒಂದೊಂದಾಗಿ ಓದಿ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದ. ಗಾಳಿಗೆ ಕಾರು ಸಣ್ಣಗೆ ಅಲುಗುತ್ತಿತ್ತು. ನಾನು ಹಿಂದಿನ ಸೀಟಿನಲ್ಲಿ ಕೂತು ಅವನ ಕುತ್ತಿಗೆಯನ್ನೇ ನೋಡುತ್ತಿದ್ದೆ. ಅದು ಥೇಟು ಮಾವನ ಕುತ್ತಿಗೆ. ಅಷ್ಟು ದಿನ ನಾನು ಗಮನಿಸಿರಲಿಲ್ಲ.

"ಗಿರಿಜಾ, ನಿನ್ನ ಫೋನಿಗೆ ಅಣ್ಣ ಏನಾದ್ರೂ ಮಾಡಿದ್ನಾ?"

"ಇಲ್ಲೆ ರೇಂಜ್ ಇಲ್ಲ," ಎಂದೆ. ಅಲ್ಲಿ ರೇಂಜ್ ಇರಲಿಲ್ಲ, ಅದು ನಿಜ. ಆ ರಸ್ತೆಯುದ್ದಕ್ಕೂ ಫೋನು ಸತ್ತಿರುತ್ತದೆ.

"ಫೋನ್ ಬಂದಿಲ್ಲ ಅಂದ್ರೆ ಅಪ್ಪ ಹುಷಾರಾಗ್ತಿದಾರೆ ಅಂತಲೇ," ಎಂದ ಅವನು.

ಕಾರು ನಿಲ್ಲಿಸುವ ಜಾಗ ಬಂದಾಗ ನಾನು ಚಳಿ ಜಾಸ್ತಿಯಿದೆ, ಅತ್ತಿಯವ್ರಿಗೆ ಆಗೂದಿಲ್ಲ, ಮುಂದೆ ಹೋಗೋಣು ಎಂದು ಹೇಳಿ ನೋಡಿದೆ. ಅತ್ತೆಯೇ ಬಾಗಿಲು ತೆಗೆದರು. "ನಡಿಯೋಣ. ಇಷ್ಟು ಆಸೆಯಿಂದ ಕರ್ಕೊಂಡ್ ಬಂದಿದಾನೆ" ಎಂದರು. ನಡೆಯದಿದ್ದರೆ ಮಗನಿಗೆ ಅನುಮಾನ ಬರುತ್ತದೆ ಎಂಬುದು ಅವರ ಲೆಕ್ಕ. ಇಂಥ ಜಾಗಗಳಲ್ಲಿ ಕಾರಿನ ಗಾಜು ಒಡೆದು ಕದಿಯುತ್ತಾರೆ ಎಂದು ಹಿಂದೆ ಯಾವಾಗಲೋ ನಾನೇ ಹೇಳಿದ್ದೆ, ಆದ್ದರಿಂದ ಬಳೆಯ ಪೆಟ್ಟಿಗೆಯನ್ನೂ ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡರು. ಸೀರೆಯ ಮೇಲೆ ನನ್ನ ದಪ್ಪ ಜಾಕೆಟ್ಟು, ಕಾಲಿಗೆ ಬಿಳಿ ಶೂ. ಅವರು ಹೆಜ್ಜೆಯಿಟ್ಟಾಗೆಲ್ಲ ಚೀಲದೊಳಗೆ ಬಳೆಗಳು ಕಿಣಿಕಿಣಿ ಎನ್ನುತ್ತಿದ್ದವು. ಆ ಬಯಲಿನಲ್ಲಿ ಗಾಳಿ ಬಿಟ್ಟರೆ ಬೇರೆ ಸದ್ದೇ ಇರಲಿಲ್ಲ.

ದಾರಿ ಮೊದಲು ಹುಲ್ಲಿನ ನಡುವೆ, ಆಮೇಲೆ ಮರಳಿನ ಮೇಲೆ. ರುಅಪೆಹು ಬೆಟ್ಟದ ನೆತ್ತಿಯಲ್ಲಿ ಆ ವರ್ಷದ ಮೊದಲ ಹಿಮ ಬಿದ್ದಿತ್ತು. ಅತ್ತೆ ಬಗ್ಗಿ ಒಂದು ಕಲ್ಲನ್ನು ಎತ್ತಿಕೊಂಡರು. ಅದು ಬೆಂಕಿಯ ಬೆಟ್ಟ ಉಗುಳಿದ ತೂತುತೂತಿನ ಕಲ್ಲು, ತೂಕವೇ ಇಲ್ಲ. "ಹಿಮ್ಮಡಿ ಉಜ್ಜೋ ಕಲ್ಲು ಕಣೆ ಇದು" ಎಂದರು. "ನಿಮ್ಮ ಮಾವಂಗೆ ಇದೊಂದು ಶೋಕಿ. ಭಾನುವಾರ ಬಂದ್ರೆ ಬಚ್ಚಲಲ್ಲಿ ಕೂತು ಕಾಲು ಉಜ್ಜಿದ್ದೇ ಉಜ್ಜಿದ್ದು." ಹೇಳಿ ನನ್ನ ಮುಖ ನೋಡಿದರು. ನಾನು ಶೂವಿನ ಲೇಸು ಕಟ್ಟಲು ಕೂತುಬಿಟ್ಟೆ. ಲೇಸು ಬಿಚ್ಚಿರಲಿಲ್ಲ, ನಾನೇ ಬಿಚ್ಚಿ ಮತ್ತೆ ಕಟ್ಟಿದೆ. ಎದ್ದಾಗ ಅವರು ಕಲ್ಲನ್ನು ಇದ್ದ ಜಾಗದಲ್ಲೇ ಇಟ್ಟು ಮುಂದೆ ನಡೆಯುತ್ತಿದ್ದರು.

ಅತ್ತೆಯ ಮೇಲೆ ನನಗೆ ಆಗ ವಿಪರೀತ ಸಿಟ್ಟಿತ್ತು. ಅವರ ಮುತ್ತೈದೆತನವನ್ನು ನನ್ನ ತಲೆಯ ಮೇಲೆ ಹೊರಿಸಿದ್ದರು. ಮನೆಯಲ್ಲಿ ಎಲ್ಲರಿಗಿಂತ ಮೊದಲು ಮಾವನನ್ನು ಕಳೆದುಕೊಂಡವಳು ನಾನು, ನನಗೆ ಅಳುವುದಕ್ಕೂ ಒಂದು ಜಾಗವಿರಲಿಲ್ಲ. ಏನವ್ವಾ ಚಲೋ ಇದ್ದೀಯೇನವ್ವಾ ಎಂಬ ದನಿ ಕಿವಿಯಲ್ಲಿ ಕೇಳುತ್ತಿತ್ತು. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿದೆ ಎಂದುಕೊಳ್ಳಲಿ ಎಂದು ಗಾಳಿ ಬರುವ ಕಡೆಗೇ ಮುಖ ಮಾಡಿ ನಡೆದೆ.

ಹೊಳೆಯ ಹತ್ತಿರ ಒಂದು ದಿಬ್ಬವಿತ್ತು. ರಘು ಅದನ್ನು ಓಡಿ ಹತ್ತಿದ. ಕೊರಳಿನ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು ಹೋಗಿದ್ದ. ಮೇಲೆ ನಿಂತು, ಹಿಮದ ಬೆಟ್ಟಕ್ಕೆ ಬೆನ್ನು ಮಾಡಿ, ಎರಡೂ ಕೈ ಅಗಲಿಸಿ ಕೂಗಿದ: "ಗಿರಿಜಾ, ಬೇಗ ತೆಗಿ, ಮೋಡ ಬರ್ತಿದೆ. ಅಪ್ಪಂಗೆ ತೋರಿಸ್ಬೇಕು."

ನಾನು ತೆಗೆದೆ. ಬೇರೇನು ಮಾಡಲು ಸಾಧ್ಯವಿತ್ತು? ಅತ್ತೆ ಪಕ್ಕದಲ್ಲೇ ನಿಂತಿದ್ದರು. ಕ್ಯಾಮೆರಾದ ಸಣ್ಣ ಪರದೆಯಲ್ಲಿ ಅವನು ಬಾಯಿ ತುಂಬ ನಗುತ್ತಿದ್ದ. ಇನ್ನೊಂದು ತೆಗಿ ಎಂದ, ಇನ್ನೊಂದನ್ನೂ ತೆಗೆದೆ.

ಪಾಮರ್‌ಸ್ಟನ್ ನಾರ್ತ್ ಸೇರುವಷ್ಟರಲ್ಲಿ ಸಂಜೆಯಾಗಿತ್ತು. ನಾಗು ಆಂಟಿ ಬಾಗಿಲು ತೆಗೆದಾಗಲೇ ಅವರ ಕಣ್ಣು ಕೆಂಪಗಿದ್ದುದು ಕಾಣಿಸಿತು. ಅವರು ಬಾಯಿ ತೆರೆಯುವ ಮೊದಲೇ ಅತ್ತೆ ಹೊಸ್ತಿಲ ಹೊರಗೇ ನಿಂತು ಹೇಳಿದರು, "ನಾಗೂ, ನಾನು ಸುಮಂಗೆ ಬಳೆ ತೊಡ್ಸಕ್ಕೆ ಹೊರಟಿದೀನಿ. ಒಳ್ಳೇ ಮಾತಾಡಿ ಒಳಗೆ ಕರಿ."

ಆಂಟಿ ಅಕ್ಕನ ಮುಖವನ್ನೇ ನೋಡಿದರು. ಆಮೇಲೆ, "ಬಾ ಅಕ್ಕ, ಬಾ. ಈರುಳ್ಳಿ ಹೆಚ್ತಿದ್ದೆ, ಕಣ್ಣೆಲ್ಲ ಉರಿ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡರು. ಅಡಿಗೆಮನೆಯಲ್ಲಿ ನೋಡಿದರೆ ಈರುಳ್ಳಿಯ ಸಿಪ್ಪೆ ಕೂಡ ಇರಲಿಲ್ಲ. ನಾನು ಲೋಟ ತೊಳೆಯುವ ನೆಪದಲ್ಲಿ ಹತ್ತಿರ ಹೋದಾಗ ನಲ್ಲಿಯನ್ನು ಜೋರಾಗಿ ಬಿಟ್ಟು, "ಗ್ರೂಪಲ್ಲಿ ಬಂತು. ಗೊತ್ತು ಕಣೆ" ಎಂದು ಪಿಸುಗುಟ್ಟಿದರು. ಇನ್ನೊಬ್ಬರಿಗೆ ಗೊತ್ತಿದೆ ಎಂಬುದೇ ನನಗೆ ಅಷ್ಟು ಹೊತ್ತಿನಲ್ಲಿ ಸಿಕ್ಕ ಆಸರೆ.

ಊಟಕ್ಕೆ ಕೂತಾಗ ರಘು ಅಣ್ಣನಿಗೆ ಮಾಡಬೇಕು, ನನ್ನ ಫೋನು ಕೊಡಮ್ಮ ಎಂದ. "ಆಸ್ಪತ್ರೇಲಿ ಓಡಾಡ್ತಿರ್ತಾನೆ, ತೊಂದ್ರೆ ಕೊಡ್ಬೇಡ. ನಾಳೆ ಬಳೆ ಮುಗೀಲಿ, ಆಮೇಲೆ ಮಾಡು" ಎಂದರು ಅತ್ತೆ. ಅವನು ನನ್ನ ಕಡೆ ತಿರುಗಿದ. "ನಿಂಗೆ ಏನೂ ಬಂದಿಲ್ಲ ತಾನೆ?" ಈಗ ರೇಂಜ್ ಇತ್ತು. ನಾನು ತಟ್ಟೆ ನೋಡಿಕೊಂಡು, "ಬಂದಿಲ್ಲ" ಎಂದೆ. ಆಂಟಿ ಅವನ ಅನ್ನಕ್ಕೆ ಇನ್ನೊಂದು ಸೌಟು ಸಾರು ಬಡಿಸಿದರು.

ಬೆಳಿಗ್ಗೆ ಹೊರಡುವಾಗ ನಾಗು ಆಂಟಿ ಅರಿಸಿನ ಕುಂಕುಮದ ತಟ್ಟೆ ತಂದರು. ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುವುದಿಲ್ಲ. ಕೊಡದಿದ್ದರೆ ಹೇಳಿದಂತೆಯೇ ಆಗುತ್ತದೆ. ಕೊಟ್ಟರೆ, ಗೊತ್ತಿದ್ದೂ ಕೊಟ್ಟಂತೆ. ಆಂಟಿ ಕುಂಕುಮವನ್ನು ಉಂಗುರದ ಬೆರಳಿನಿಂದ ದೊಡ್ಡದಾಗಿ ತೆಗೆದು ಅಕ್ಕನ ಹಣೆಗೆ ಹಚ್ಚಿದರು, ಬೈತಲೆಗೂ ಹಚ್ಚಿದರು, ರವಿಕೆ ಕಣವನ್ನು ಸೆರಗಿಗೆ ಹಾಕಿದರು. ಕಾರು ತಿರುವು ದಾಟುವ ತನಕ ಗೇಟಿನಲ್ಲಿ ನಿಂತು ಕೈ ಬೀಸಿದರು.

ಆ ಕುಂಕುಮದಿಂದ ಅತ್ತೆ ಬದಲಾಗಿಬಿಟ್ಟರು. "ನಾಗು ಕುಂಕುಮ ಕೊಟ್ಳು ನೋಡ್ದಾ?" ಎಂದು ಮುಂದಿನ ಸೀಟಿನಿಂದ ಹೊರಳಿ ನನಗೆ ಹೇಳಿದರು. "ಅವಳಿಗೆ ಅಲ್ಲಿ ಎಲ್ಲರ ಫೋನೂ ಬರತ್ತೆ. ಏನಾದ್ರೂ ಆಗಿದ್ರೆ ಅವಳ ಕೈ ಮುಂದೆ ಬರ್ತಿರ್ಲಿಲ್ಲ." ದಾರಿಯಲ್ಲಿ ಕಾಫಿ ಕೇಳಿದರು. ಆಂಟಿ ಕಟ್ಟಿಕೊಟ್ಟ ಚಕ್ಕುಲಿ ತಿಂದರು, ಸಮುದ್ರ ಕಂಡಾಗ ನಿಮ್ಮ ಮಾವನಿಗೆ ನೀರು ಕಂಡರೆ ಭಯ ಎಂದು ನಕ್ಕರು. ಎರಡು ದಿನದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ ಎಂಬುದು ನನಗೆ ಆಗಲೇ ತಿಳಿದದ್ದು. ಅವರು ಚಕ್ಕುಲಿ ತಿನ್ನುವುದನ್ನು ನೋಡುವುದು ಹಿಂದಿನ ದಿನದ ಮರಳಿಗಿಂತ ಕಷ್ಟವಾಯಿತು.

ಸುಮಾಳ ಮನೆ ಗುಡ್ಡದ ಮೇಲೆ. ಮನೆ ತುಂಬ ಹೆಂಗಸರು, ಮೈಸೂರು ಮಲ್ಲಿಗೆಯಿಲ್ಲದ್ದಕ್ಕೆ ಯಾರದೋ ಹಿತ್ತಲಿನ ಬಿಳಿ ಕ್ಯಾಮೆಲಿಯಾ ಹೂವು ಮುಡಿದವರು. ಸುಮಾಳ ಗಂಡ ಕಿ‍ರಣ ಬಾಗಿಲಲ್ಲಿ ನನ್ನ ಕಣ್ಣನ್ನು ತಪ್ಪಿಸಿದ. ಅವನಿಗೂ ಗೊತ್ತಿತ್ತು. ಹಿಂದಿನ ದಿನದಿಂದಲೇ ಹೆಂಡತಿಯ ಫೋನನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡಿದ್ದ. ಸುಮಾ ಹಸಿರು ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಅವಳ ಕೈ ಅತ್ತೆ ಹೇಳಿದ ಹಾಗೆಯೇ ಊದಿತ್ತು.

ಅತ್ತೆ ಎದುರಿಗೆ ಕೂತು, ಬೆರಳುಗಳಿಗೆ ಎಣ್ಣೆ ಸವರಿ, ಗಿಣ್ಣುಗಳನ್ನು ಒಂದರೊಳಗೊಂದು ಮಡಿಸಿ ಬಳೆಗಳನ್ನು ಒಂದೊಂದಾಗಿ ಏರಿಸಿದರು. ಅವಸರ ಮಾಡಲಿಲ್ಲ. ಒಂದು ಬಳೆಯೂ ಚಿಟ್ಟೆನ್ನಲಿಲ್ಲ. ಎರಡೂ ಕೈ ತುಂಬಿದ ಮೇಲೆ ಮಗಳ ಗಲ್ಲ ಹಿಡಿದು ನೋಡಿದರು. ಸುಮಾ ಅತ್ತಳು. ಬಸುರಿ ಅಳಬಾರದೆಂದು ಎಲ್ಲರೂ ಸೇರಿ ನಗಿಸಿದರು. ರಘು ಸುತ್ತಲೂ ಓಡಾಡುತ್ತ ಫೋಟೋ ತೆಗೆಯುತ್ತಿದ್ದ. ಮುಗಿಯಿತು, ಅತ್ತೆ ಬೇಡಿದ್ದು ಅವರಿಗೆ ಸಿಕ್ಕಿತು, ಇನ್ನು ನಿಧಾನವಾಗಿ ಹೇಳಬಹುದು ಎಂದುಕೊಂಡೆ.

ಆದರೆ ಬಳೆಯ ಶಾಸ್ತ್ರ ಬಸುರಿಯ ಕೈಗೇ ಮುಗಿಯುವುದಿಲ್ಲ. ಮಿಕ್ಕ ಬಳೆಗಳನ್ನು ಬಂದ ಮುತ್ತೈದೆಯರಿಗೆಲ್ಲ ತೊಡಿಸಬೇಕು. ಅದು ನನಗೆ ಗೊತ್ತಿಲ್ಲದ್ದೇನಲ್ಲ, ಮನಸ್ಸಿಗೆ ಬಂದಿರಲಿಲ್ಲ. ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. ನಾನು ಒಬ್ಬೊಬ್ಬರಿಗೂ ತೊಡಿಸುತ್ತ ಬಂದೆ.

"ಅತ್ತಿಗೆ, ಅಮ್ಮಂಗೂ ತೊಡ್ಸಿ," ಎಂದಳು ಸುಮಾ ಮಣೆಯ ಮೇಲಿಂದ.

ಅತ್ತೆ ನಗುತ್ತ ಕೈ ಚಾಚಿದರು. ಹಣೆಯಲ್ಲಿ ನಾಗು ಆಂಟಿಯ ಕುಂಕುಮ ಹಾಗೇ ಇತ್ತು. ಆ ಕೈ ನನ್ನ ಮುಂದೆ ಬಂದಾಗ ಅದು ಬಳೆಗೆ ಚಾಚಿದ ಕೈ ಮಾತ್ರ ಆಗಿರಲಿಲ್ಲ. ನನ್ನ ಕಣ್ಣನ್ನೇ ನೋಡುತ್ತಿದ್ದರು. ತೌಪೋದಲ್ಲಿ ಆಡಿದ ಮಾತು ಬಳೆ ತೊಡಿಸುವ ತನಕ, ಅಷ್ಟೆ. ಈಗ ತೊಡಿಸಿ ಆಗಿತ್ತು. ಈಗ ಅವರು ಕೇಳುತ್ತಿದ್ದರು.

ಏರಿಸಿಬಿಟ್ಟಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಶಾಸ್ತ್ರಕ್ಕೆ ನಾನು ಆಗಲೂ ಹೆದರಿದವಳಲ್ಲ, ಈಗಲೂ ಅಲ್ಲ. ಆದರೆ ಆ ಬಳೆ ಏರಿಸುವುದೆಂದರೆ ಮಾವ ಬದುಕಿದ್ದಾರೆ ಎಂದು ಹೇಳುವುದು. ಗಂಡನಿಗೆ ಬಾಯಲ್ಲಿ ಸುಳ್ಳು ಹೇಳಿದ್ದೆ. ಇವರಿಗೆ ಕೈಯಲ್ಲಿ ಹೇಳಲು ನನ್ನಿಂದ ಆಗಲಿಲ್ಲ. ಎತ್ತಿಕೊಂಡಿದ್ದ ಎರಡು ಬಳೆಗಳನ್ನು ನಾನು ನನ್ನ ಕೈಗೆ ಹಾಕಿಕೊಂಡೆ.

ಅತ್ತೆ ಕೈಯನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡರು. ಸೆರಗಿನಿಂದ ಮುಚ್ಚಿದರು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು, "ನಂಗಾಗಲ್ಲಮ್ಮ ಅದು. ಸೈಜು ಚಿಕ್ಕದು."

ಯಾರೂ ಏನೂ ಅಂದುಕೊಳ್ಳಲಿಲ್ಲ. ಎಲೆ ಹಾಕಲು ಹೆಂಗಸರು ಎದ್ದರು. ಅತ್ತೆ ಸುಮಾಳ ತಲೆ ಸವರಿ, ಅವಳಿಗೆ ದಿಂಬು ಸರಿಮಾಡಿ, ರಘುವನ್ನು ಕರೆದುಕೊಂಡು ಮನೆಯ ಹಿಂದಿನ ಡೆಕ್ಕಿಗೆ, ಮರದ ಹಲಗೆಯ ಜಗಲಿಗೆ, ಹೋದರು. ಗಾಜಿನ ಬಾಗಿಲಿನಿಂದ ನನಗೆ ಇಬ್ಬರೂ ಕಾಣುತ್ತಿದ್ದರು. ಅತ್ತೆ ಏನೋ ಹೇಳಿದರು. ರಘು ಕಂಬ ಹಿಡಿದುಕೊಂಡ. ನಾನು ಬಾಗಿಲು ಸರಿಸಿ ಹೊರಗೆ ಹೋಗುವಷ್ಟರಲ್ಲಿ ಅವನು ಕೇಳುತ್ತಿದ್ದ, "ನಿಂಗ್ಯಾರು ಹೇಳಿದ್ದು?"

"ಗಿರಿಜಾ ಹೇಳಿದ್ಲು," ಎಂದರು ಅತ್ತೆ. ಹೇಳಿ, ನನ್ನ ಭುಜವನ್ನು ಒಂದು ಸಲ ಒತ್ತಿ, ಒಳಗೆ ಹೋಗಿ ಬಚ್ಚಲ ಬಾಗಿಲು ಹಾಕಿಕೊಂಡರು. ನೀರು ಬಿಟ್ಟ ಸದ್ದು ಕೇಳಿಸಿತು.

ರಘು ನನ್ನ ಕಡೆ ನೋಡಿದ. "ಯಾವಾಗ?"

"ತುರಾಂಗಿಯೊಳಗ ಫೋನ್ ಬಂತು," ಎಂದೆ.

ಆಗಲೇ ಊರಿಗೆ ಹೊರಟಿದ್ದರೂ ಅಪ್ಪನ ಮುಖ ನೋಡಲು ಸಿಗುತ್ತಿರಲಿಲ್ಲ, ಭಾವ ಅದೇ ದಿನ ಮುಗಿಸಿದರು ಎಂದು ಹೇಳಲು ನಾನು ಬಾಯಿ ತೆರೆದೆ. ಇದನ್ನು ಆಮೇಲೆ ಎಷ್ಟೋ ಸಲ ಹೇಳಿದ್ದೇನೆ, ಅವನು ಎಂದೂ ಇಲ್ಲವೆಂದಿಲ್ಲ. ಆದರೆ ಆಗ ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಕೊರಳಿನ ಕ್ಯಾಮೆರಾವನ್ನು ಕೈಗೆ ತೆಗೆದುಕೊಂಡು ಚಿತ್ರಗಳನ್ನು ಹಿಂದಕ್ಕೆ ಹಿಂದಕ್ಕೆ ಸರಿಸುತ್ತಿದ್ದ. ಸುಮಾಳ ಬಳೆ, ನಾಗು ಆಂಟಿಯ ಗೇಟು. ಕೊನೆಗೆ ಒಂದು ಕಡೆ ನಿಲ್ಲಿಸಿ ಅದನ್ನು ನನ್ನ ಮುಂದೆ ಹಿಡಿದ. ಹಿಮದ ಬೆಟ್ಟದ ಮುಂದೆ ಕೈಯೆರಡೂ ಅಗಲಿಸಿ ಅವನು ಬಾಯಿ ತುಂಬ ನಗುತ್ತಿದ್ದ.

"ಇದನ್ನ ತೆಗಿವಾಗ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

ಒಳಗಿನಿಂದ ಸುಮಾ ಊಟಕ್ಕೆ ಬನ್ನಿ ಎಂದು ಕೂಗುತ್ತ ಬಂದಳು. ಗಾಜಿನ ಬಾಗಿಲನ್ನು ಸರಿಸುವಾಗ ಅವಳ ಕೈಯ ಬಳೆಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. ರಘು ಕ್ಯಾಮೆರಾವನ್ನು ಆರಿಸಿ ಎದೆಯ ಮೇಲೆ ಇಳಿಬಿಟ್ಟು, ತಂಗಿಗೆ ಮುಖ ಕಾಣದ ಹಾಗೆ ಸಮುದ್ರದ ಕಡೆಗೆ ತಿರುಗಿ ನಿಂತ.